ರಾಶಿಗೆ ಎಲ್ಲಾರೂ, ಬಿತ್ತಾಕ ಯಾರೂ ಇಲ್ಲ

ವರ್ಷಕ್ಕೆ ಒಂದೆರಡು ಸಲವಾದರೂ ನಿಮ್ಮ ಆಫೀಸಿನ ವಾಟ್ಸ್ಯಾಪ್ ಗ್ರೂಪಿಗೆ ಅಂಥದೊಂದು ಲಿಂಕ್ ಬಂದಿರುತ್ತದೆ. ಪುಟ್ಟ ಮಗುವಿನ ಫೋಟೊ, ನಾಲಿಗೆ ಹೊರಳದ ಕಾಯಿಲೆಯ ಹೆಸರು, ಕೋಟಿ ಲೆಕ್ಕದ ವಿದೇಶಿ ಔಷಧ. ನಾವು ಐನೂರೋ ಸಾವಿರವೋ ಹಾಕಿ, ಕೈಮುಗಿಯುವ ಎಮೋಜಿ ಒತ್ತಿ, ಮುಂದಿನ ಮೀಟಿಂಗಿಗೆ ಹೋಗುತ್ತೇವೆ. ದುಡ್ಡು ಹಾಕಿದ್ದು ತಪ್ಪಲ್ಲ, ಹಾಕಲೇಬೇಕು. ನನ್ನ ತಕರಾರು ಬೇರೆ. ಆ ಔಷಧ ಇಲ್ಲೇ ಯಾಕೆ ತಯಾರಾಗಲಿಲ್ಲ ಅಂತ ಗ್ರೂಪಿನಲ್ಲಿ ಒಬ್ಬರೂ ಕೇಳುವುದಿಲ್ಲ.

ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿಯನ್ನೇ ತಗೊಳ್ಳಿ. ಹೆಚ್ಚುಕಮ್ಮಿ ಗಂಡುಮಕ್ಕಳಿಗೇ ಬರುವ ಕಾಯಿಲೆ. ಓಡಾಡಿಕೊಂಡಿದ್ದ ಹುಡುಗ ಮೆಟ್ಟಿಲು ಹತ್ತಲು ಒದ್ದಾಡುತ್ತಾನೆ, ನೆಲದಿಂದ ಏಳಲು ತೊಡೆಗೆ ಕೈ ಕೊಡುತ್ತಾನೆ. ಹನ್ನೆರಡರ ಆಸುಪಾಸಿಗೆ ಗಾಲಿಕುರ್ಚಿ, ಮುಂದೆ ಹೃದಯಕ್ಕೂ ಉಸಿರಾಟಕ್ಕೂ ಕಂಟಕ. ಸ್ನಾಯುವನ್ನು ಕಾಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನಿನ ಜೀನಿನಲ್ಲಿ 79 ತುಣುಕುಗಳಿವೆ. ಕೆಲವು ತುಣುಕು ಕಾಣೆಯಾದರೆ ಅಲ್ಲಿಂದ ಮುಂದಿನ ಓದೆಲ್ಲ ತಪ್ಪಿ ಪ್ರೋಟೀನು ಅರ್ಧಕ್ಕೇ ನಿಲ್ಲುತ್ತದೆ. ಕೋಡ್ ಬರೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ: ಒಂದು ಸಾಲು ಕೆಟ್ಟರೆ ಇಡೀ ಪ್ರೋಗ್ರಾಂ ಕ್ರ್ಯಾಶ್. ಆ್ಯಂಟಿಸೆನ್ಸ್ ಔಷಧ ಮಾಡುವುದು ನಾವು ಮಾಡುವ ಕೆಲಸವನ್ನೇ. ಆರ್‌ಎನ್‌ಎಯಲ್ಲಿ ಪಕ್ಕದ ಇನ್ನೊಂದು ತುಣುಕನ್ನು ಕಮೆಂಟ್ ಔಟ್ ಮಾಡುತ್ತದೆ. ಆಗ ಗಿಡ್ಡದಾದರೂ ಸ್ವಲ್ಪ ಕೆಲಸಕ್ಕೆ ಬರುವ ಪ್ರೋಟೀನು ಹುಟ್ಟುತ್ತದೆ. ಕಾಯಿಲೆ ವಾಸಿಯಾಗುವುದಿಲ್ಲ. ಅದರ ಓಟ ತಗ್ಗೀತು ಎಂಬ ಆಸೆ ಅಷ್ಟೆ.

ಇಂಥ ಮೊದಲ ಔಷಧಕ್ಕೆ ಅಮೆರಿಕ ಒಪ್ಪಿಗೆ ಕೊಟ್ಟದ್ದು 2016ರಲ್ಲಿ. ಅದು ಒಗ್ಗುವುದು ನೂರರಲ್ಲಿ ಸುಮಾರು 13 ಮಕ್ಕಳಿಗೆ. ತರಿಸಿಕೊಂಡರೆ ಒಂದು ಮಗುವಿಗೆ ವರ್ಷಕ್ಕೆ ಎರಡು ಮೂರು ಕೋಟಿ ಎಂಬುದು ಜೋಧಪುರದ ಐಐಟಿಯವರು ಕೊಟ್ಟ ಲೆಕ್ಕ. ನಮ್ಮ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಒಬ್ಬ ರೋಗಿಗೆ ಸಿಗುವ ನೆರವಿನ ಮಿತಿ 50 ಲಕ್ಷ. ಭಾಗಿಸಿ ನೋಡಿ, ಹೆಚ್ಚೆಂದರೆ ಮೂರು ತಿಂಗಳ ಔಷಧ. ನಾಲ್ಕನೇ ತಿಂಗಳು ಏನು ಮಾಡಬೇಕು?

ಇದಕ್ಕೆ ಇಲ್ಲೇ ಉತ್ತರ ಹುಡುಕಲು ಹೊರಟವರು ಯಾರು ಗೊತ್ತೇನ್ರಿ? ಆ ಮಕ್ಕಳ ತಂದೆತಾಯಿಗಳು. ಬೆಂಗಳೂರಿನಲ್ಲಿ ಅವರು, ಅವರ ಗೆಳೆಯರು ಸೇರಿ ಡಿಸ್ಟ್ರೊಫಿ ಅನೈಹಿಲೇಷನ್ ರಿಸರ್ಚ್ ಟ್ರಸ್ಟ್ ಕಟ್ಟಿದರು. 2023ರ ಜನವರಿ ಹೊತ್ತಿಗೆ ಜೋಧಪುರದ ಐಐಟಿ ಮತ್ತು ಏಮ್ಸ್ ಅವರ ಜೊತೆ ನಿಂತಿದ್ದವು. ಆ್ಯಂಟಿಸೆನ್ಸ್ ಔಷಧವನ್ನು ರೋಗಿಗಳ ಮೇಲೆ ಪ್ರಯೋಗಿಸಲು ಔಷಧ ನಿಯಂತ್ರಕರ ಅನುಮತಿಯೂ ಸಿಕ್ಕಿತ್ತು. ಸಂತೋಷ. ಆದರೆ ಸ್ಟಾರ್ಟಪ್ ರಾಜಧಾನಿ ಅಂತ ಎದೆ ತಟ್ಟಿಕೊಳ್ಳುವ ಊರಿನಲ್ಲಿ, ಮಗನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಸುವ ಅಪ್ಪನೇ ಲ್ಯಾಬನ್ನೂ ಕಟ್ಟಬೇಕೇ?

ಹೊಸದಾಗಿ ಶುರು ಮಾಡುವವರಿಗೆ ಏನೂ ಇಲ್ಲ ಅಂತಲ್ಲ. ಕೇಂದ್ರದ ಬೈರಾಕ್ ಸಂಸ್ಥೆಯ ಇಗ್ನಿಷನ್ ಗ್ರಾಂಟ್ 18 ತಿಂಗಳಿಗೆ 50 ಲಕ್ಷದವರೆಗೆ ಕೊಡುತ್ತದೆ. ನಮ್ಮ ರಾಜ್ಯದ ಎಲಿವೇಟ್ ಯೋಜನೆಯಲ್ಲೂ 50 ಲಕ್ಷದವರೆಗೆ ಸಿಗುತ್ತದೆ. ಒಳ್ಳೆಯ ಯೋಜನೆಗಳೇ. ಆದರೆ 50 ಲಕ್ಷ ಅಂದರೆ ಔಟರ್ ರಿಂಗ್ ರೋಡಿನಲ್ಲಿ ಒಬ್ಬ ಸೀನಿಯರ್ ಇಂಜಿನಿಯರನ ವರ್ಷದ ಪ್ಯಾಕೇಜು. ಅಷ್ಟರಲ್ಲೇ ಯಂತ್ರ, ರಾಸಾಯನಿಕ, ಇಬ್ಬರು ಮೂವರ ಸಂಬಳ ಎಲ್ಲ ಆಗಬೇಕು. ಅದು ಮುಗಿದ ಮೇಲೆ ಹೂಡಿಕೆದಾರನ ಮುಂದೆ ಕೂತರೆ ಮೊದಲ ಪ್ರಶ್ನೆ: ರೆವೆನ್ಯೂ ಯಾವಾಗ? ಹತ್ತು ನಿಮಿಷದಲ್ಲಿ ಕೊತ್ತಂಬರಿ ತಂದುಕೊಡುವ ಕಂಪನಿ ವರ್ಷಗಟ್ಟಲೆ ನಷ್ಟ ಮಾಡಿದರೂ ಅದು ವಿಷನ್. ಲ್ಯಾಬಿನಲ್ಲಿ ಇಲಿಯ ಸ್ನಾಯು ನೋಡಲು ಮೂರು ವರ್ಷ ಬೇಕು ಅಂದರೆ ಅದು ರಿಸ್ಕ್.

ನಮ್ಮ ಆಲಮೇಲದ ಕಡೆ ಹಿಂಗಾರಿ ಜೋಳ ಬಿತ್ತುವ ರೈತನಿಗೆ ಯಾರೂ ಇಂಥ ಪ್ರಶ್ನೆ ಕೇಳಲ್ಲ. ಎಂಥ ಬರಗಾಲವಿದ್ದರೂ ಬೀಜದ ಜೋಳ ತೆಗೆದಿಟ್ಟೇ ಉಳಿದದ್ದನ್ನು ರೊಟ್ಟಿಗೆ ಬೀಸುತ್ತಾರೆ. ಮಳೆ ಕೈಕೊಟ್ಟೀತು ಅಂತ ಗೊತ್ತಿದ್ದೂ ಸಾಲ ತಂದು ಕೂರಿಗಿ ಹೂಡುತ್ತಾರೆ. ಯಾಕಂದ್ರ ಬಿತ್ತದಿದ್ದರೆ ನಷ್ಟ ಗ್ಯಾರಂಟಿ.

ಬಿತ್ತಿದವರಿಗೆ ಬೆಳೆ ಬಂದಿದೆ. ಆರ್‌ಎನ್‌ಎ ಹಿಡಿದು ಕೂತಿದ್ದಕ್ಕೆ ಕತಾಲಿನ್ ಕರಿಕೊ ಅವರಿಗೆ ಅನುದಾನ ಹುಟ್ಟಲಿಲ್ಲ, 1995ರಲ್ಲಿ ಹಿಂಬಡ್ತಿಯಾಯಿತು. ಅವರ ಮುಖ್ಯ ಪ್ರಬಂಧ ಬಂದದ್ದು 2005ರಲ್ಲಿ, ನೊಬೆಲ್ 2023ರಲ್ಲಿ. ನಡುವೆ ಕೋವಿಡ್ ಬಂತು, ಜಗತ್ತೇ ಆ ಎಂಆರ್‌ಎನ್‌ಎ ಲಸಿಕೆಗೆ ಕ್ಯೂ ನಿಂತಿತು. ನಮ್ಮಲ್ಲೂ ಉದಾಹರಣೆ ಇದೆ. ಪುಣೆಯ ಜೆನ್ನೋವಾ ಕಂಪನಿಯ ಎಂಆರ್‌ಎನ್‌ಎ ಲಸಿಕೆಗೆ ಬೀಜಧನ ಕೊಟ್ಟದ್ದು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ. 2022ರ ಜೂನ್‌ನಲ್ಲಿ ತುರ್ತು ಬಳಕೆಗೆ ಒಪ್ಪಿಗೆ ಸಿಕ್ಕಿತು. ಫೈಜರ್ ಲಸಿಕೆಗೆ ಮೊದಮೊದಲು ಮೈನಸ್ 70 ಡಿಗ್ರಿ ಚಳಿ ಬೇಕಿತ್ತು. ಜೆನ್ನೋವಾದ್ದನ್ನು 2ರಿಂದ 8 ಡಿಗ್ರಿಯಲ್ಲಿ, ಅಂದರೆ ಸಾದಾ ಫ್ರಿಜ್ಜಿನಲ್ಲಿ ಇಡಬಹುದು. ಹಳ್ಳಿಯ ಆರೋಗ್ಯ ಕೇಂದ್ರದ ಫ್ರಿಜ್ಜು ನೆನಪಿಟ್ಟುಕೊಂಡು ಲಸಿಕೆ ಮಾಡುವವರು ನಮ್ಮವರೇ ಆಗಿರಬೇಕು. ಬೀಜ ಯಾರದೋ ಬೆಳೆ ಅವರ ಅಳತೆಯದು.

‘ಟ್ಯಾಕ್ಸ್ ಕಟ್ಟುತ್ತೇವಲ್ಲ, ಸರ್ಕಾರ ಮಾಡಲಿ’ ಅನ್ನುತ್ತೀರಿ. ಮಾಡಲೇಬೇಕು. ದೇಶದ ಜಿಡಿಪಿಯಲ್ಲಿ ಸಂಶೋಧನೆಗೆ ಹೋಗುವುದು ಶೇ. 0.64 ಮಾತ್ರ. ಅದು ನಾಚಿಕೆಗೇಡು, ಅದಕ್ಕಾಗಿ ಜಗಳ ಮಾಡೋಣ. ಆದರೆ ಆ ಅಂಕಿಯೊಳಗೆ ಖಾಸಗಿ ಕಂಪನಿಗಳ ಖರ್ಚೂ ಸೇರಿದೆ. ಅಂದರೆ ನಾಚಿಕೆಯಲ್ಲಿ ನಮ್ಮ ಪಾಲೂ ಉಂಟು.

2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಸರ್ಕಾರದ ನೆರವಿರುವ ಇನ್‌ಕ್ಯುಬೇಟರುಗಳಿಗೆ, ವೈದ್ಯಕೀಯ ಸಂಶೋಧನೆಗೆ, ಸಾರ್ವಜನಿಕ ವಿಶ್ವವಿದ್ಯಾಲಯ ಮತ್ತು ಐಐಟಿಗಳಿಗೆ ಆ ದುಡ್ಡು ಕೊಡಲು ಕಾಯ್ದೆಯಲ್ಲೇ ದಾರಿಯಿದೆ. ನಿಮ್ಮ ಕಂಪನಿಯಲ್ಲೂ ಸಿಎಸ್‌ಆರ್ ಸಮಿತಿ ಇರುತ್ತದೆ. ಗಿಡ ನೆಟ್ಟು, ಟೀಶರ್ಟ್ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳಲು ಕರೆದಾಗ ಹೋಗಿ, ಬೇಡ ಅನ್ನಲ್ಲ. ಜೊತೆಗೆ ಒಂದು ಇಮೇಲ್ ಹಾಕಿ: ಈ ವರ್ಷ ಇದರಲ್ಲಿ ಎಷ್ಟು ದುಡ್ಡು ಲ್ಯಾಬಿಗೆ ಹೋಯಿತು? ಮುಂದಿನ ವರ್ಷ ಎಷ್ಟು ಹೋಗುತ್ತದೆ? ಸೋತರೂ ಲೆಕ್ಕ ಕೇಳದೆ ಐದು ವರ್ಷ ಕೊಡುವ ಧೈರ್ಯ ಇದೆಯಾ?

ಉತ್ತರ ಬರದಿದ್ದರೆ ಮತ್ತೆ ಹಾಕಿ. ಬಗ್ ಫಿಕ್ಸ್ ಆಗುವವರೆಗೂ ಟಿಕೆಟ್ ಮುಚ್ಚದಿರುವುದು ನಮಗೇನು ಹೊಸದಲ್ಲ.