ಡೆಕ್ ಬಂತು, ಅದರ ಆರೈಕೆ ಬರಲಿಲ್ಲ

ಚಿಕ್ಕಮಗಳೂರು, ಮಡಿಕೇರಿ, ಸಕಲೇಶಪುರ ಕಡೆಯ ಹೋಮ್‌ಸ್ಟೇಗಳ ಜಾಹೀರಾತಿನಲ್ಲಿ ಈಗ ಮರದ ಡೆಕ್ ಇರಲೇಬೇಕು. ಕಣಿವೆಯತ್ತ ಚಾಚಿದ ಹಲಗೆಗಳ ಮೇಲೆ ಎರಡು ಕುರ್ಚಿ, ಒಂದು ಲೋಟ ಕಾಫಿ, ಎದುರಿಗೆ ಮಂಜು. ಫೋಟೊ ತೆಗೆಯುವುದು ಡೆಕ್ ಹೊಸದಾಗಿದ್ದಾಗ. ಎರಡು ಮಳೆಗಾಲ ಕಳೆದ ಮೇಲೆ ಹೋದವರಿಗೆ ಕಾಣುವುದೇ ಬೇರೆ: ವಾರ್ನಿಷ್ ಹಪ್ಪಳದ ಹಾಗೆ ಗುಳ್ಳೆ ಎದ್ದಿರುತ್ತದೆ, ಹಲಗೆಯ ಸಂದಿನಲ್ಲಿ ಪಾಚಿ, ಮೊಳೆಯ ಸುತ್ತ ಕಪ್ಪು ಕಲೆ.

ಮಾಲೀಕರು ಮರವನ್ನು ಬೈಯುತ್ತಾರೆ, ಇಲ್ಲವೇ ಆಚಾರಿಯನ್ನು. ತಪ್ಪು ಇಬ್ಬರದೂ ಅಲ್ಲ.

ಮಲೆನಾಡಿನ ಹಳೆಯ ಮನೆಗಳಲ್ಲಿ ಮರಕ್ಕೇನೂ ಬರವಿರಲಿಲ್ಲ. ಕಂಬ, ತೊಲೆ, ಬಾಗಿಲುವಾಡ, ಅಟ್ಟದ ಹಲಗೆ, ಎಲ್ಲವೂ ಮರವೇ. ಆದರೆ ಅವೆಲ್ಲ ಇದ್ದದ್ದು ಮಾಡಿನ ಕೆಳಗೆ. ಸೂರನ್ನು ಜಗಲಿಯಿಂದಾಚೆಗೂ ಇಳಿಬಿಡುತ್ತಿದ್ದರು. ಮಳೆ ಹಿಡಿಯುವ ಮುಂಚೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಎರಚಲು ತಡೆಯುತ್ತಿದ್ದರು. ಮರ ನೀರಲ್ಲೇ ಇರಬೇಕಾದ ಕಡೆ, ಅಂದರೆ ಕರಾವಳಿಯ ದೋಣಿಗಳಿಗೆ, ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನೋ ಮತ್ತೆ ಮತ್ತೆ ಬಳಿಯುತ್ತಿದ್ದರು. ಹಲಗೆಯನ್ನು ಆಕಾಶಕ್ಕೆ ಮೈಯೊಡ್ಡಿ ಮಲಗಿಸುವುದು ಅಮೆರಿಕದ ಹಿತ್ತಿಲಿನಿಂದ ಬಂದ ವಿನ್ಯಾಸ. ವಾರ್ಷಿಕ ಮಳೆ 7,000 ಮಿ.ಮೀ. ದಾಟುವ ಆಗುಂಬೆಯಂಥ ಊರಿರುವ ಸೀಮೆಗೆ ಅದನ್ನು ತಂದವರು, ಅಲ್ಲಿ ಅದರ ಜೊತೆಗಿದ್ದ ಆರೈಕೆಯ ಕಸುಬನ್ನು ತರಲಿಲ್ಲ.

ಮಳೆಗಿಂತ ಮೊದಲು ಮರವನ್ನು ಕೆಡಿಸುವುದು ಬಿಸಿಲು. ಮರದ ನಾರುಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಎಂಬ ವಸ್ತುವನ್ನು ನೇರಳಾತೀತ ಕಿರಣಗಳು ಒಡೆಯುತ್ತವೆ. ಸಡಿಲವಾದ ಮೇಲ್ಪದರ ಮಳೆಗೆ ತೊಳೆದು ಹೋಗಿ ಹಲಗೆ ಬೂದು ಬಣ್ಣಕ್ಕೆ ತಿರುಗುತ್ತದೆ. ನೆನೆದಾಗ ಹಿಗ್ಗಿ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿಗೆ ಇಳಿದ ನೀರು ಹೊರಬರುವುದಿಲ್ಲ. ಲಡ್ಡು ಹಿಡಿಯುವುದು ಅಲ್ಲಿಂದಲೇ.

ಇದಕ್ಕೆ ನಮ್ಮವರು ಹುಡುಕಿಕೊಂಡ ಮದ್ದು ಮಿರಮಿರ ಮಿಂಚುವ ಪಾರದರ್ಶಕ ವಾರ್ನಿಷ್. ಒಳಗಿನ ಸೋಫಾಕ್ಕೆ ಅದು ಸರಿ. ಹೊರಗೆ, ಅದರಲ್ಲೂ ಜನ ಓಡಾಡುವ ನೆಲಕ್ಕೆ, ಅದು ಶತ್ರು. ವಾರ್ನಿಷ್ ಮರದ ಮೇಲೊಂದು ಪೊರೆ ಕಟ್ಟುತ್ತದೆ. ಪಾರದರ್ಶಕವಾದ್ದರಿಂದ ಬಿಸಿಲು ಅದರ ಮೂಲಕವೇ ಹಾದು ಕೆಳಗಿನ ಮರವನ್ನು ಸಡಿಲಿಸುತ್ತದೆ, ಹಿಡಿತ ತಪ್ಪಿದ ಪೊರೆ ಚಕ್ಕೆಯೇಳುತ್ತದೆ. ಎಣ್ಣೆಯಲ್ಲಿ ಬಣ್ಣದ ಪುಡಿ ಬೆರೆಸಿದ ಸ್ಟೇನ್‌ನ ರೀತಿ ಬೇರೆ. ಅದರ ಎಣ್ಣೆ ಮರದೊಳಗೆ ಇಳಿಯುತ್ತದೆ, ಬಣ್ಣದ ಕಣಗಳು ಬಿಸಿಲನ್ನು ತಡೆಯುತ್ತವೆ. ಕಾಲ ಕಳೆದಂತೆ ಸವೆಯುತ್ತದೆಯೇ ಹೊರತು ಸುಲಿಯುವುದಿಲ್ಲ; ತೊಳೆದು, ಒಣಗಿಸಿ ಮತ್ತೊಮ್ಮೆ ಬಳಿದರಾಯಿತು. ಅಮೆರಿಕದ ಮ್ಯಾಡಿಸನ್‌ನಲ್ಲಿರುವ ಸರ್ಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯ ಅಗಸೆ ಎಣ್ಣೆ, ಮೇಣ, ಬಣ್ಣದ ಪುಡಿ ಸೇರಿಸಿ ಇಂಥದೊಂದು ಸ್ಟೇನ್ ಸೂತ್ರವನ್ನು 1950ರ ದಶಕದಲ್ಲೇ ಕೊಟ್ಟಿತ್ತು. ಹೊಳಪಿನ ಮೋಹ ಬಿಡದವರಿಗೆ ಇದು ರುಚಿಸಲಿಕ್ಕಿಲ್ಲ.

‘ಟ್ರೀಟ್ ಮಾಡಿದ ಮರ ಹಾಕಿದ್ದೇವೆ, ಇನ್ನೇನು ಬೇಕು?’ ಎನ್ನುವವರೂ ಇದ್ದಾರೆ. ಆ ಚಿಕಿತ್ಸೆಯ ಹಿಂದೆ ಭಾರತೀಯನೊಬ್ಬನ ಬುದ್ಧಿಯಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆತ ಸಂರಕ್ಷಕವನ್ನು 1933ರಲ್ಲಿ ರೂಪಿಸಿದರು. ಒತ್ತಡದಲ್ಲಿ ಅದನ್ನು ಹೀರಿಸಿದ ಮರದಿಂದಲೇ ಅಮೆರಿಕದ ಲೆಕ್ಕವಿಲ್ಲದಷ್ಟು ಡೆಕ್‌ಗಳು ಎದ್ದವು. ಆರ್ಸೆನಿಕ್‌ನ ಭಯದಿಂದ 2003ರ ಕೊನೆಗೆ ಅಲ್ಲಿನ ಉದ್ಯಮ ಮನೆಬಳಕೆಯ ಮರಕ್ಕೆ ಅದನ್ನು ಕೈಬಿಟ್ಟಿತು. ಆದರೆ ಈ ಬಗೆಯ ಚಿಕಿತ್ಸೆ ತಡೆಯುವುದು ಗೆದ್ದಲು ಮತ್ತು ಶಿಲೀಂಧ್ರವನ್ನು. ಬಿಸಿಲಿಗೆ, ಬಿರುಕಿಗೆ ಅದು ಮದ್ದಲ್ಲ.

ಸ್ಟೇನ್ ಡಬ್ಬಿ ತಂದು ತೋಟದ ಆಳಿನ ಕೈಗೆ ಬ್ರಷ್ ಕೊಟ್ಟರೂ ಕೆಲಸ ಕೆಡುತ್ತದೆ. ಬಳಿಯುವುದು ಇದರಲ್ಲಿ ಕೊನೆಯ, ಸಣ್ಣ ಭಾಗ. ಹಳೆಯ ವಾರ್ನಿಷ್ ಪೂರ್ತಿ ತೆಗೆಯಬೇಕು. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ನಾರು ಕಿತ್ತು ಬರುತ್ತದೆ, ಕೈ ಪಳಗಿರಬೇಕು. ಕಬ್ಬಿಣ ತಾಗಿ ಆದ ಕಪ್ಪು ಕಲೆಗೆ ಆಕ್ಸಾಲಿಕ್ ಆಮ್ಲ ಬೇಕು, ತುಕ್ಕು ಹಿಡಿದ ಮೊಳೆಯ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬರಬೇಕು. ಹಲಗೆಯೊಳಗಿನ ತೇವವನ್ನು ಮೀಟರಿಟ್ಟು ನೋಡಬೇಕು. ಶೇ 15ರ ಆಸುಪಾಸಿಗೆ ಇಳಿಯದೆ ಬಳಿದರೆ ಎಣ್ಣೆಗೆ ಒಳಗೆ ಜಾಗವೇ ಇರುವುದಿಲ್ಲ. ನೀರು ಹೆಚ್ಚು ಹೀರುವುದು ಹಲಗೆಯ ಕೊಯ್ದ ತುದಿ, ಬಹುತೇಕರು ಬಿಡುವುದೂ ಅದನ್ನೇ. ಕೊನೆಗೆ, ಹೀರದೆ ಉಳಿದ ಎಣ್ಣೆಯನ್ನು ಒರೆಸಬೇಕು.

ಒರೆಸಿದ ಬಟ್ಟೆಯೂ ಸಾಮಾನ್ಯದ್ದಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಒಣಗುವಾಗ ಬಿಸಿಯಾಗುತ್ತದೆ. ಮುದುಡಿ ಎಸೆದ ಚಿಂದಿಗೆ ತಾನಾಗಿ ಬೆಂಕಿ ಹತ್ತಬಹುದು. 1991ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾದ 38 ಮಹಡಿಗಳ ಒನ್ ಮೆರಿಡಿಯನ್ ಪ್ಲಾಜಾ ಉರಿದದ್ದು ಮರದ ಕೆಲಸದವರು ಬಿಟ್ಟುಹೋದ ಇಂಥ ಚಿಂದಿಗಳಿಂದ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು.

ನಮ್ಮಲ್ಲಿ ಪಾಲಿಶ್ ಕೆಲಸದ ನುರಿತ ಕೈಗಳಿಗೆ ಕೊರತೆಯಿಲ್ಲ. ಅವರು ಕಲಿತದ್ದು ಪೀಠೋಪಕರಣದ ಪಾಲಿಶ್, ಅಷ್ಟೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಬೆಂಗಳೂರಿನ ಮಲ್ಲೇಶ್ವರದಲ್ಲೇ ಇದೆ. ಹೋಮ್‌ಸ್ಟೇ ನೋಂದಣಿ ಮಾಡುವ ಪ್ರವಾಸೋದ್ಯಮ ಇಲಾಖೆ ಈ ಸಂಸ್ಥೆಯ ನೆರವಿನಿಂದ ಮಲೆನಾಡಿನ ಪಾಲಿಶ್‌ನವರಿಗೆ ಹೊರಾಂಗಣ ಮರದ ತರಬೇತಿ ಕೊಡಿಸಬಹುದು. ನೋಂದಣಿ ನವೀಕರಿಸುವಾಗ ಡೆಕ್‌ನ ಅಡಿಯ ತೊಲೆ, ಅಂಚಿನ ಕಟಾಂಜನ ಗಟ್ಟಿಯಿವೆಯೇ ಎಂದು ನೋಡುವುದನ್ನೂ ಸೇರಿಸಬೇಕು. ಲಡ್ಡು ಹಿಡಿದ ಕಟಾಂಜನಕ್ಕೆ ಒರಗಿ ಸೆಲ್ಫಿ ತೆಗೆಯುವವನಿಗೆ ಕೆಳಗಿರುವುದು ಕಣಿವೆ. ಮಾಲೀಕರು ಮಳೆ ನಿಂತು ಹಲಗೆ ಒಣಗುವ ಡಿಸೆಂಬರ್–ಫೆಬ್ರುವರಿಯಲ್ಲಿ ಎರಡು ದಿನ ಬುಕಿಂಗ್ ನಿಲ್ಲಿಸಿ ಕೆಲಸದವರನ್ನು ಕರೆಸಲಿ. ಸೀಸನ್ನಿನಲ್ಲಿ ಅದು ಆಗದು ಎನ್ನುವವರು ಡೆಕ್‌ಗೆ ಮಾಡು ಹಾಕಿಸುವುದು ವಾಸಿ. ಫೋಟೊ ಅಷ್ಟು ಚೆನ್ನಾಗಿ ಬರುವುದಿಲ್ಲ, ನಿಜ.