ಚೊಚ್ಚಲ ಕೃತಿಯೂ ವಿಮರ್ಶಕರ ಹೊಣೆಯೂ

ಚೊಚ್ಚಲ ಕೃತಿಗೆ ಒದಗಬಹುದಾದ ಅತ್ಯಂತ ಕೆಟ್ಟ ಗತಿ ಯಾವದು? ಕಟುನಿಂದೆಯೆಂದು ಹಲವರು ಹೇಳುವರು. ನಮ್ಮ ಮತ ಹಾಗಿಲ್ಲ. ನಿಂದಿಸುವವನು ಆ ಕೃತಿಯನ್ನು ಒಮ್ಮೆಯಾದರೂ ಮನಸ್ಸಿಟ್ಟು ಓದಿರುತ್ತಾನೆ, ಇಲ್ಲವೆ ಕೇಳಿರುತ್ತಾನೆ. "ಪ್ರಯತ್ನವು ಶ್ಲಾಘ್ಯವಾಗಿದೆ" ಎಂದು ಎರಡು ಸಾಲು ಬರೆದು ಕೈತೊಳೆದುಕೊಳ್ಳುವವನು ಅನೇಕ ವೇಳೆ ಅಷ್ಟನ್ನೂ ಮಾಡಿರುವದಿಲ್ಲ. ಇಂಗ್ಲೆಂಡಿನ ಗಾಯಕಿ ವಾಷ್ಟಿ ಬನ್ಯನ್ ಅವರ ಮೊದಲ ಧ್ವನಿಮುದ್ರಿಕೆಯ ವೃತ್ತಾಂತವು ನಮ್ಮನ್ನು ಈ ವಿಚಾರಕ್ಕೆ ಹಚ್ಚಿತು.

ಬನ್ಯನ್ ಅವರು ಹುಟ್ಟಿದ್ದು 1945ರಲ್ಲಿ. ರೋಲಿಂಗ್ ಸ್ಟೋನ್ಸ್ ತಂಡದ ವ್ಯವಸ್ಥಾಪಕರಾಗಿದ್ದ ಆಂಡ್ರೂ ಲೂಗ್ ಓಲ್ಡ್‌ಹ್ಯಾಮ್ ಅವರು 1965ರಲ್ಲಿ ಈ ತರುಣಿಯಿಂದ ಒಂದು ಹಾಡನ್ನು ಹಾಡಿಸಿ ಪೇಟೆಗೆ ತಂದರು. ಅದು ಆ ತಂಡದ ಜ್ಯಾಗರ್ ಮತ್ತು ರಿಚರ್ಡ್ಸ್ ಇವರು ರಚಿಸಿದ ಹಾಡು, ನಡೆಯಲಿಲ್ಲ. ಮುಂದೆ 1968ರಲ್ಲಿ ಅವರು ಸಂಗಾತಿಯೊಬ್ಬರೊಡನೆ ಬೆಸ್ ಎಂಬ ಕುದುರೆಯನ್ನು ಬಂಡಿಗೆ ಹೂಡಿಕೊಂಡು ಸ್ಕಾಟ್ಲೆಂಡಿನ ಸ್ಕೈ ದ್ವೀಪದ ದಾರಿ ಹಿಡಿದರು. ಗಾಯಕ ಡಾನವನ್ ಅವರು ಅಲ್ಲಿ ಭೂಮಿಯನ್ನು ಕೊಂಡು ಕಲಾವಿದರ ವಸತಿಯೊಂದನ್ನು ಸ್ಥಾಪಿಸುವವರಿದ್ದರು. ಇವರ ಬಂಡಿ ತಲುಪುವಷ್ಟರಲ್ಲಿ ಆ ವಸತಿಯ ಜನ ಚದುರಿಹೋಗಿತ್ತು. ಆದರೆ ದಾರಿಯುದ್ದಕ್ಕೂ ಹಾಡುಗಳು ಹುಟ್ಟಿದ್ದವು: ಎಳೆಯುವ ಕುದುರೆಯ ಮೇಲೊಂದು, ಮಿಂಚುಹುಳದ ಮೇಲೊಂದು, ಗಾಳಿಮಳೆಯ ಮೇಲೊಂದು. ಇಂಥ 14 ಹಾಡುಗಳನ್ನು 1969ರ ಕೊನೆಯಲ್ಲಿ ಜೋ ಬಾಯ್ಡ್ ಅವರು ಮುದ್ರಿಸಿಕೊಂಡರು. "ಜಸ್ಟ್ ಅನದರ್ ಡೈಮಂಡ್ ಡೇ" ಎಂಬ ಹೆಸರಿನಿಂದ ಫಿಲಿಪ್ಸ್ ಕಂಪನಿಯು ಅದನ್ನು 1970ರ ಡಿಸೆಂಬರ ತಿಂಗಳಲ್ಲಿ ಪ್ರಕಟಿಸಿತು.

ಪತ್ರಿಕೆಗಳು ಅದನ್ನು ಹಳಿಯಲಿಲ್ಲ. ಒಳ್ಳೆಯ ಮಾತನ್ನೇ ಆಡಿದವು. ಆದರೂ ಮಾರಾಟವಾದದ್ದು ಕೆಲವು ನೂರು ಪ್ರತಿಗಳೆಂದು ಹೇಳುವರು. ಬನ್ಯನ್ ಅವರು ಮನನೊಂದು ಹಾಡುವದನ್ನೇ ಬಿಟ್ಟರು. ಮಕ್ಕಳು, ಮನೆ, ಹೊಲ, ದನಕರು ಎಂದು ಹಳ್ಳಿಗಾಡಿನಲ್ಲಿ ಬದುಕನ್ನು ಸಾಗಿಸಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ.

ಈ ಹಾಡುಗಳನ್ನು ನಾವೂ ಕೇಳಿದ್ದೇವೆ. ಎಲ್ಲವೂ ಒಂದೇ ತೂಕದವೆಂದು ಹೇಳಲಾರೆವು. ಒಂದು ಹಾಡಂತೂ ಶಿಶುಗೀತೆಯ ಧಾಟಿಯಲ್ಲಿಯೇ ಇದೆ. ಕೆಲವು ಕಡೆ ಮುಗ್ಧತೆಯು ಬೇಸರ ತರಿಸುವಷ್ಟು ಹೆಚ್ಚಾಗಿದೆ. ಆದರೆ ಆ ದನಿ! ಸಭೆಯ ಮುಂದೆ ಹಾಡುವವರ ದನಿಯಲ್ಲ ಅದು. ನಸುಕಿನಲ್ಲಿ ಮನೆಮಂದಿ ಏಳುವ ಮೊದಲು ಒಲೆ ಹೊತ್ತಿಸುತ್ತ ತನ್ನಷ್ಟಕ್ಕೆ ತಾನು ಗುಣುಗುಣಿಸಿಕೊಳ್ಳುವವಳ ದನಿ. ಇಂಥ ದನಿ ಮೊದಲನೆಯ ಸಲಕ್ಕೆ ಕಿವಿಗೆ ಹತ್ತುವದಿಲ್ಲ, ಮೂರನೆಯ ಸಲಕ್ಕೆ ಹತ್ತುತ್ತದೆ. ಮೂರು ಸಲ ಕೇಳುವ ವ್ಯವಧಾನ ಯಾರಿಗಿತ್ತು? ಅದೂ ಅಲ್ಲದೆ, ಬಾಯ್ಡ್ ಅವರು ಕೂಡಿಸಿದ ವಾದ್ಯಗಾರರಲ್ಲಿ ಜಾನಪದ ಸಂಗೀತದವರು ಹಲವರಿದ್ದುದರಿಂದ ಧ್ವನಿಮುದ್ರಿಕೆಗೆ ಜಾನಪದವೆಂಬ ಚೀಟಿ ಅಂಟಿತು. ಆ ಚೀಟಿಯನ್ನು ಬನ್ಯನ್ ಅವರು ಎಂದೂ ಮನಸಾರೆ ಒಪ್ಪಿದವರಲ್ಲ.

ಹೀಗೆ ಹೂತುಹೋದುದನ್ನು ಅಗೆದು ತೆಗೆದವರು ಯಾರು? ಪತ್ರಿಕೆಯವರಲ್ಲ, ವಿದ್ವಾಂಸರೂ ಅಲ್ಲ. ಹಳೆಯ ತಟ್ಟೆಗಳ ಅಂಗಡಿಯಲ್ಲಿ ಧೂಳು ಝಾಡಿಸಿ ಹುಡುಕುವ ಸಾಮಾನ್ಯ ಶ್ರೋತೃಗಳು. 1990ರ ದಶಕದ ಕೊನೆಯ ಭಾಗದಲ್ಲಿ ಬನ್ಯನ್ ಅವರು ಕಂಪ್ಯೂಟರಿನಲ್ಲಿ ತಮ್ಮ ಹೆಸರನ್ನೇ ಹುಡುಕಿ ನೋಡಲಾಗಿ, ತಾವು ಮರೆತುಬಿಟ್ಟಿದ್ದ ತಟ್ಟೆಗಾಗಿ ಜನ ಹಂಬಲಿಸುತ್ತಿರುವದು ಅವರಿಗೆ ಗೊತ್ತಾಯಿತು. 2000ದಲ್ಲಿ ಅದು ಮರುಪ್ರಕಟವಾಯಿತು. ಡೆವೇಂದ್ರ ಬ್ಯಾನ್‌ಹಾರ್ಟ್, ಜೊಯಾನಾ ನ್ಯೂಸಮ್ ಮೊದಲಾದ ಅಮೇರಿಕೆಯ ತರುಣ ಗಾಯಕರು ಅವರನ್ನು ಹಿರಿಯರೆಂದು ಗೌರವಿಸಿ ಕೂಡಿಕೊಂಡರು. 2005ರಲ್ಲಿ ಎರಡನೆಯ ಧ್ವನಿಮುದ್ರಿಕೆ "ಲುಕ್‌ಆಫ್ಟರಿಂಗ್" ಬಂದಿತು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ 35 ವರ್ಷ! ಮೊದಲನೆಯದರ ಹಾಡೊಂದು ಮೊಬೈಲ್ ಫೋನ್ ಕಂಪನಿಯ ಜಾಹೀರಾತಿನಲ್ಲಿಯೂ ಕೇಳಿಬಂದಿತೆಂಬದು ವಿಚಿತ್ರವಾದರೂ ನಿಜ. ಕುದುರೆಬಂಡಿಯ ಹಾಡಿಗೆ ಎಂಥ ಕೊನೆಯ ನಿಲ್ದಾಣ!

ಇಲ್ಲಿ ಕೆಲವರು, "ಕಾಲವೇ ನಿಜವಾದ ವಿಮರ್ಶಕ, ಸತ್ವವಿದ್ದುದು ತಾನಾಗಿಯೇ ಮೇಲೆ ಬಂದಿತಲ್ಲ, ಇನ್ನು ದೂರೇಕೆ?" ಎಂದು ಕೇಳುವದುಂಟು. ಕೇಳಲು ಹಿತವಾದ ಈ ಮಾತು ವಿಮರ್ಶಕನ ಸೋಮಾರಿತನಕ್ಕೆ ಒಳ್ಳೆಯ ಹಾಸಿಗೆಯಾಗಿದೆ. ಕಾಲವು ಬರೆದಿಟ್ಟ ಹಾಡನ್ನು ಉಳಿಸೀತು. ಬರೆಯದೆ ಹೋದ ಹಾಡನ್ನು ಎಲ್ಲಿಂದ ತಂದೀತು? ಇಪ್ಪತ್ತೈದರಿಂದ ಅರವತ್ತರ ವರೆಗೆ ಬನ್ಯನ್ ಅವರು ಯಾವ ಹಾಡುಗಳನ್ನು ಕಟ್ಟುತ್ತಿದ್ದರೆಂಬದನ್ನು ಈಗ ಯಾವ ಮರುಪ್ರಕಟಣೆಯೂ ಹೇಳಲಾರದು. ಅದೇ ಬಾಯ್ಡ್ ಅವರು 1969ರಲ್ಲಿ ನಿಕ್ ಡ್ರೇಕ್ ಎಂಬ ಇನ್ನೊಬ್ಬ ತರುಣನ ಚೊಚ್ಚಲ ಧ್ವನಿಮುದ್ರಿಕೆಯನ್ನು ತಂದಿದ್ದರು. ಅದಕ್ಕೂ ಕೇಳುಗರು ಸಿಕ್ಕಲಿಲ್ಲ. ಡ್ರೇಕ್ 1974ರಲ್ಲಿ 26ನೆಯ ವಯಸ್ಸಿಗೆ ತೀರಿಕೊಂಡರು. ಇಂದು ಅವರಿಗಿರುವ ಕೀರ್ತಿಯನ್ನು ಅವರು ನೋಡಲೇ ಇಲ್ಲ. ಕಾಲದ ತೀರ್ಪು ಬಂದಿತು, ನಿಜ, ಕಕ್ಷಿಗಾರನೇ ಇರಲಿಲ್ಲ.

ಪರರನ್ನು ದೂರುವಾಗ ನಮ್ಮ ಕೈ ಸ್ವಚ್ಛವಾಗಿದೆಯೆಂದು ಹೇಳಿಕೊಳ್ಳಲಾರೆವು. ನಮ್ಮ ಪತ್ರಿಕೆಯಲ್ಲಿಯೂ "ಸಾದರ ಸ್ವೀಕಾರ" ಎಂಬ ಅಂಕಣವಿದೆ. ಪುಸ್ತಕದ ಹೆಸರು, ಪುಟ, ಬೆಲೆ: ಅಲ್ಲಿಗೆ ಆದರವೂ ಮುಗಿಯಿತು, ಸ್ವೀಕಾರವೂ ಮುಗಿಯಿತು. ಹಲವು ವರ್ಷಗಳ ಹಿಂದೆ ಹಳ್ಳಿಯ ಶಾಲೆಯ ತರುಣ ಶಿಕ್ಷಕರೊಬ್ಬರು ತಮ್ಮ ಮೊದಲ ಗೀತಸಂಗ್ರಹವನ್ನು ಕಳಿಸಿ, ಒಳ್ಳೆಯದೋ ಕೆಟ್ಟದೋ ಒಂದು ಮಾತು ಬರೆಯಬೇಕೆಂದು ಎರಡು ಸಲ ಕಾರ್ಡು ಹಾಕಿದ್ದರು. ನಾವು ಆ ಅಂಕಣದಲ್ಲಿ ಹೆಸರನ್ನು ಅಚ್ಚುಹಾಕಿ ಸುಮ್ಮನಾದೆವು. ಮೂರನೆಯ ಕಾರ್ಡು ಬರಲಿಲ್ಲ. ಅವರ ಎರಡನೆಯ ಪುಸ್ತಕವನ್ನೂ ನಾವು ಎಲ್ಲಿಯೂ ಕಾಣಲಿಲ್ಲ. ಕಳೆದ ವಾರ ಕಪಾಟನ್ನು ತೆಗೆದು ಆ ಸಂಗ್ರಹವನ್ನು ಓದಿದೆವು. ಪುಟಗಳನ್ನು ಅಂಚು ಕತ್ತರಿಸಿ ಬಿಡಿಸಬೇಕಾಯಿತು. ಮೂರು ಗೀತೆಗಳು ನಿಜವಾಗಿಯೂ ಚೆನ್ನಾಗಿವೆ. ಉಳಿದವುಗಳಲ್ಲಿ ಪ್ರಾಸದ ಹಟ ಹೆಚ್ಚು. ಇದನ್ನು ಅಂದೇ ಹೇಳಲು ನಮಗೆ ಬೇಕಾಗಿದ್ದುದು ಒಂದು ಸಂಜೆ.

ಬರುವ ತಿಂಗಳಿನಿಂದ ಆ ಅಂಕಣವು ನಮ್ಮ ಪತ್ರಿಕೆಯಲ್ಲಿ ಇರುವದಿಲ್ಲ. ಬಂದ ಚೊಚ್ಚಲ ಕೃತಿಗಳಲ್ಲಿ ವಾರಕ್ಕೆ ಒಂದನ್ನಾದರೂ ಪೂರ್ತಿ ಓದಿ ಅಥವಾ ಕೇಳಿ, ಗುಣದೋಷಗಳೆರಡನ್ನೂ ಸಹಿ ಹಾಕಿ ಬರೆಯಲಾಗುವದು. ಮೊದಲನೆಯದು ಆ ಶಿಕ್ಷಕರ ಗೀತಸಂಗ್ರಹ. ಅವರ ಈಗಿನ ವಿಳಾಸವನ್ನು ವಿಚಾರಿಸುತ್ತಿದ್ದೇವೆ.