‘ಅದು’ ಅಂದರೆ ಬೈಗುಳವೆ?

ಕಾಮರ್ಸ್ ಓದುವವಳಿಗೆ ಲಿಂಗ-ವಚನಗಳ ಉಸಾಬರಿ ಯಾಕೆ ಎಂದು ಮಿತ್ರರು ಕೇಳಬಹುದು. ಉಸಾಬರಿ ತಾನಾಗಿಯೇ ಮೈಮೇಲೆ ಬಂತು. ಹೈದರಾಬಾದಿಗೆ ಬಂದ ಮೊದಲ ವಾರ ಕ್ಲಾಸಿನಲ್ಲಿ ಎದ್ದು ನಿಂತು ‘ಮೈಂ ರಾಯಚೂರ್ ಸೇ ಆಯಾ ಹೂಂ’ ಅಂದೆ. ಹಿಂದಿನ ಬೆಂಚಿನಿಂದ ಎದ್ದ ನಗು ಇನ್ನೂ ಕಿವಿಯಲ್ಲಿದೆ. ‘ಆಯೀ’ ಅನ್ನಬೇಕಿತ್ತಂತೆ. ಕನ್ನಡದಲ್ಲಿ ‘ನಾನು ಬಂದೆ’ ಅಂದರೆ ಆಯಿತು, ಗಂಡೋ ಹೆಣ್ಣೋ ಎಂದು ಕ್ರಿಯಾಪದ ಕೇಳುವುದಿಲ್ಲ. ಹಿಂದಿ ಕೇಳುತ್ತದೆ. ನನ್ನನ್ನು ಮಾತ್ರವಲ್ಲ, ಕುರ್ಚಿ-ಮೇಜನ್ನೂ ಬಿಡುವುದಿಲ್ಲ. ಅಲ್ಲಿ ಇರುವುದು ಎರಡೇ ಕೋಣೆ, ಎಲ್ಲರೂ ಎಲ್ಲವೂ ಅದರಲ್ಲೊಂದಕ್ಕೆ ಹೋಗಲೇಬೇಕು. ‘ಗ್ರಂಥ’ ಪುಲ್ಲಿಂಗ, ‘ಕಿತಾಬ್’ ಸ್ತ್ರೀಲಿಂಗ. ಗಡ್ಡ, ಮೀಸೆ ಎರಡೂ ಸ್ತ್ರೀಲಿಂಗ! ಇದನ್ನು ಬಾಯಿಪಾಠ ಮಾಡಬೇಕೇ ಹೊರತು ಯೋಚಿಸಿ ತಿಳಿಯುವ ಹಾಗಿಲ್ಲ. ನಗುವವರು ಇದನ್ನು ನೆನಪಿಡಲಿ.

ಆದರೆ ನಾನೂ ಒಮ್ಮೆ ನಕ್ಕಿದ್ದೇನೆ. ಅದನ್ನು ಹೇಳದೆ ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ.

ಹಾಸ್ಟೆಲಿನ ರೂಂಮೇಟ್ ತೆಲುಗಿನವಳು. ತೆಲುಗಿನಲ್ಲೂ ಏಕವಚನಕ್ಕೆ ಎರಡೇ ಪಾಲು, ಆದರೆ ಗೆರೆ ಬೇರೆ ಕಡೆ: ಗಂಡಸು ಒಂದು ಕಡೆ, ಮಿಕ್ಕಿದ್ದೆಲ್ಲ ಇನ್ನೊಂದು ಕಡೆ. ‘ವಾಡು ವಚ್ಚಾಡು’ ಅಂದರೆ ಅವನು ಬಂದ. ‘ಆಮೆ ವಚ್ಚಿಂದಿ’ ಅವಳು ಬಂದಳು. ಎಮ್ಮೆ ಬಂದರೂ ‘ಗೇದೆ ವಚ್ಚಿಂದಿ’. ನಾನು ದೊಡ್ಡ ಸುಧಾರಕಿಯ ಹಾಗೆ, ‘ನಿಮ್ಮ ಭಾಷೆ ಹೆಂಗಸರನ್ನು ಎಮ್ಮೆ ಜೊತೆ ಕಟ್ಟಿಹಾಕಿದೆಯಲ್ಲೇ’ ಅಂದೆ. ಅವಳ ಮುಖ ಕೆಂಪಾಯಿತು. ಬಹುವಚನದಲ್ಲಿ ನಾವು ಗಂಡಸರ ಪಕ್ಕದಲ್ಲೇ ಕೂತಿದ್ದೇವೆ, ‘ವಾಳ್ಳು ವಚ್ಚಾರು’ ಇಬ್ಬರಿಗೂ ಒಂದೇ, ವಸ್ತುಗಳಿಗೆ ‘ಅವಿ ವಚ್ಚಾಯಿ’ ಎಂದಳು. ಹಿರಿಯ ಹೆಂಗಸಿಗೆ ಗೌರವದಿಂದ ‘ಆವಿಡ ವಚ್ಚಾರು’ ಎನ್ನುತ್ತಾರೆಂದೂ ತೋರಿಸಿದಳು. ಆಮೇಲೆ ಕೇಳಿದಳು: ‘ನಿನ್ನ ತಂಗಿ ಸ್ಕೂಲಿಂದ ಬಂದಳಾ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳುವಾಗ ಏನಂತಾರೆ?’

‘ಬಂತವ್ವಾ ಅದು’ ಅಂತಾಳೆ ನಮ್ಮವ್ವ. ನಾನು ಸುಮ್ಮನಾದೆ.

ನಮ್ಮ ಕಡೆ ಮುದ್ದಿನ ಹುಡುಗಿಯೂ ‘ಅದು’, ಹಣ್ಣಾದ ಅಜ್ಜಿಯೂ ‘ಅದು’. ಅದರಲ್ಲಿ ತಿರಸ್ಕಾರ ಇದೆಯೆಂದು ನಮ್ಮವ್ವನಿಗೆ ಹೇಳಿ ನೋಡಿ! ಭದ್ರಿರಾಜು ಕೃಷ್ಣಮೂರ್ತಿಯವರ ಮತದಲ್ಲಂತೂ ಮೂಲ ದ್ರಾವಿಡದಲ್ಲಿದ್ದದ್ದೇ ಗಂಡಸು ಮತ್ತು ಉಳಿದದ್ದು ಎಂಬ ಎರಡು ಪಾಲು. ‘ಅವಳ್’ ಎಂಬುದು ತಮಿಳು-ಕನ್ನಡದ ಕವಲಿನಲ್ಲಿ ಆಮೇಲೆ ಬಂದದ್ದು. ಆದಿಲಾಬಾದ್ ಕಡೆಯ ಗೋಂಡಿಯಲ್ಲಿ ಬಹುವಚನದಲ್ಲೂ ಹೆಂಗಸರು ವಸ್ತುಗಳ ಪಾಲಿಗೇ ಸೇರುತ್ತಾರೆ. ಸಂಸ್ಕೃತದಲ್ಲಿ ಹೆಂಡತಿಗಿರುವ ‘ದಾರ’ ಶಬ್ದ ಪುಲ್ಲಿಂಗ, ‘ಕಲತ್ರ’ ನಪುಂಸಕ. ಹಾಗಂತ ಆ ಜನ ಹೆಂಡತಿಯನ್ನು ಗಂಡಸು ಅಂದುಕೊಂಡಿದ್ದರೆ?

ಯಾರೂ ಕೂತು ಮಾಡದ ವ್ಯಾಕರಣದ ಮೇಲೆ ಅಪರಾಧ ಹೊರಿಸಬಾರದು ಅನ್ನುವುದು ನನ್ನ ಅಭಿಪ್ರಾಯ. ಕೂತು ಮಾಡಿದ್ದರ ಮಾತು ಬೇರೆ. ಜಾಮೆನ್‌ಹಾಫ್ 1887ರಲ್ಲಿ ಎಸ್ಪೆರಾಂಟೊ ಭಾಷೆಯನ್ನು ಪ್ರಕಟಿಸಿದ. ಕುರ್ಚಿ-ಮೇಜಿಗೆ ಲಿಂಗವಿಲ್ಲ, ವಿಶೇಷಣ ಲಿಂಗದಿಂದ ಬದಲಾಗುವುದಿಲ್ಲ. ಓದಿ ಖುಷಿಯಾಯಿತು, ನನ್ನಂಥವಳಿಗೆ ಹೇಳಿ ಮಾಡಿಸಿದ ಭಾಷೆ! ಆದರೆ ತಂದೆ ‘ಪಾತ್ರೊ’, ತಾಯಿ ‘ಪಾತ್ರೀನೊ’. ಅಣ್ಣತಮ್ಮ ‘ಫ್ರಾತೊ’, ಅಕ್ಕತಂಗಿ ‘ಫ್ರಾತೀನೊ’. ತಾಯಿಗೆ ತನ್ನದೇ ಶಬ್ದವಿಲ್ಲ, ತಂದೆಗೆ ಬಾಲ ಕಟ್ಟಿ ತಾಯಿಯನ್ನು ಮಾಡಿದ್ದಾನೆ. ಕೈಯಲ್ಲಿ ಖಾಲಿ ಹಾಳೆ ಇತ್ತು, ಯಾವ ಅಜ್ಜಿಯೂ ಹೀಗೇ ಬರಿ ಎಂದಿರಲಿಲ್ಲ. ಇಲ್ಲಿ ಲೆಕ್ಕ ಕೇಳಬಹುದು, ಕೇಳಬೇಕು ಕೂಡ.

ರೂಂಮೇಟಿನ ಹತ್ತಿರ ತಪ್ಪಾಯ್ತು ಅಂದಿದ್ದೇನೆ. ‘ಆಯಾ’, ‘ಆಯೀ’ ಮಾತ್ರ ಈಗಲೂ ತಪ್ಪುತ್ತದೆ.